ಮೈಲುತುತ್ತಿನ ಬಕೆಟ್ಟಿನಿಂದ ಬ್ಯಾಟರಿಯವರೆಗೆ: ಮನೆಯಲ್ಲೇ ಕಲಿಯೋಣ ವಿದ್ಯುತ್ ರಸಾಯನ



ಸ್ವಸಹಾಯ ಸಂಘದ ಒಂದು ಸಭೆ. ಉಳಿತಾಯ, ಸಾಲದ ಲೆಕ್ಕ ಎಲ್ಲ ಮುಗಿದ ಮೇಲೆ ಒಬ್ಬ ಅಕ್ಕ ತನ್ನ ಎರಡು ಕಷ್ಟ ಹೇಳಿಕೊಂಡರು. ಮೊದಲನೆಯದು, ಮಗ ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದರಲ್ಲೇ ಫೇಲಾಗಿ ಮನೆಯಲ್ಲಿ ಕೂತಿದ್ದಾನೆ. "ಇಡೀ ದಿನ ಫೋನ್ ಹಿಡ್ಕೊಂಡಿರ್ತಾನೆ. ಆ ಸೆಲ್ಲಿನ ಪಾಠ ಬಂದ್ರೆ ತಲೆಗೇ ಹೋಗೋದಿಲ್ಲ ಅಂತಾನೆ" ಅಂದರು. ಎರಡನೆಯದು, ಸಾಲ ಮಾಡಿ ತಂದ ಇನ್ವರ್ಟರ್ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಟ್ಟಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಬ್ಯಾಟರಿಯಲ್ಲಿ ನೀರು ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರು. "ನೀರು ನೀರೇ ಅಲ್ವಾ?" ಅಂತ ಕೇಳಿದರು.

ಇವು ಎರಡು ಬೇರೆ ಬೇರೆ ಕಷ್ಟ ಅಂತ ಅವರು ತಿಳಿದಿದ್ದರು. ಆದರೆ ಎರಡೂ ಒಂದೇ ಪಾಠಕ್ಕೆ ಸೇರಿದವು. ಆ ಪಾಠದ ಹೆಸರು ವಿದ್ಯುತ್ ರಸಾಯನಶಾಸ್ತ್ರ. ಮಕ್ಕಳ ಬಾಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ. ಮಗನ ಕೈಯಲ್ಲಿದ್ದ ಅದೇ ಫೋನಿನಲ್ಲಿ ಈ ಪಾಠ ಉಚಿತವಾಗಿ ಸಿಗುತ್ತದೆ. ಆದರೆ ಎಲ್ಲಿಂದ ಆರಂಭಿಸಬೇಕು, ಯಾವ ಕ್ರಮದಲ್ಲಿ ಹೋಗಬೇಕು ಅಂತ ಹೇಳುವವರು ಬೇಕು. ಈ ಲೇಖನ ಅದಕ್ಕಾಗಿಯೇ. ವಿದ್ಯಾರ್ಥಿಗಳು ಓದಲಿ, ಜೊತೆಗೆ ತಂದೆ ತಾಯಂದಿರೂ ಓದಲಿ.

1. ನಮಗೆ ಗೊತ್ತಿರುವುದರಿಂದಲೇ ಶುರು ಮಾಡೋಣ

ಅಡಿಕೆ ತೋಟ ಇರುವವರಿಗೆ ಬೋರ್ಡೋ ದ್ರಾವಣ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆರೋಗವನ್ನು ಅಧ್ಯಯನ ಮಾಡಿದರು. ಅಲ್ಲಿಂದೀಚೆಗೆ ಈ ಮದ್ದು ನಮ್ಮ ಮಲೆನಾಡು, ಕರಾವಳಿಯ ತೋಟಗಳಲ್ಲಿ ಮನೆಮಾತಾಗಿದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು.

ಹಿರಿಯರು ಎರಡು ಮಾತು ಹೇಳುತ್ತಾರೆ. ಒಂದು: ಮೈಲುತುತ್ತನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬೇಡಿ. ಎರಡು: ಮದ್ದು ತಯಾರಾದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನೂ ಹಾಕಬೇಕು.

ಈ ಕೆಂಪು ಲೇಪ ಏನು? ಅದು ತಾಮ್ರ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ನೀರಿನಲ್ಲಿ ಕರಗಿದಾಗ ತಾಮ್ರ ಅಲ್ಲಿ ಅಯಾನು ರೂಪದಲ್ಲಿ ಇರುತ್ತದೆ, ಅಂದರೆ ಎರಡು ಎಲೆಕ್ಟ್ರಾನ್ ಕಳಕೊಂಡ ತಾಮ್ರ. ಕತ್ತಿಯ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಅದಕ್ಕೆ ಕೊಡುತ್ತದೆ. ಎಲೆಕ್ಟ್ರಾನ್ ಸಿಕ್ಕಿದ ತಾಮ್ರ ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಎಲೆಕ್ಟ್ರಾನ್ ಕೊಟ್ಟ ಕಬ್ಬಿಣ ತಾನೇ ಅಯಾನಾಗಿ ನೀರಿಗೆ ಇಳಿಯುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರದ ಅಯಾನುಗಳೆಲ್ಲ ಕರಗದ ರೂಪಕ್ಕೆ ತಿರುಗಿರುತ್ತವೆ. ಆಗ ಕತ್ತಿಗೆ ಏನೂ ಹಿಡಿಯುವುದಿಲ್ಲ. ಉಳಿದ ತಾಮ್ರದಿಂದ ಎಳೆಕಾಯಿ, ಸೋಗೆ ಸುಡುವ ಭಯವೂ ಇಲ್ಲ.

ಕಬ್ಬಿಣದ ಬಕೆಟ್ ಯಾಕೆ ಬೇಡ ಅನ್ನುವುದೂ ಇಲ್ಲೇ ತಿಳಿಯಿತು. ಬಕೆಟ್ ಕರಗುತ್ತದೆ, ರೋಗಕ್ಕೆ ಹೋಗಬೇಕಾದ ತಾಮ್ರ ಬಕೆಟ್ಟಿಗೆ ಅಂಟುತ್ತದೆ. ಎರಡೂ ನಷ್ಟ.

ಅಂದರೆ ನಮ್ಮ ರೈತರು ಹೆಸರು ಗೊತ್ತಿಲ್ಲದೆಯೇ ಈ ಪಾಠದ ಮೊದಲ ಪ್ರಯೋಗವನ್ನು ಮಾಡುತ್ತಾ ಬಂದಿದ್ದಾರೆ.

2. ಕೊಡೋದು, ತಗೊಳ್ಳೋದು

ಇಡೀ ಪಾಠದ ತಿರುಳು ಇಷ್ಟೇ: ಒಂದು ಎಲೆಕ್ಟ್ರಾನ್ ಕೊಡುತ್ತದೆ, ಇನ್ನೊಂದು ತಗೊಳ್ಳುತ್ತದೆ. ಕೊಡುವುದಕ್ಕೆ ಉತ್ಕರ್ಷಣ ಅನ್ನುತ್ತಾರೆ, ತಗೊಳ್ಳುವುದಕ್ಕೆ ಅಪಕರ್ಷಣ. ಈ ಎರಡು ಪದ ಅದಲು ಬದಲಾಗಿಯೇ ಎಷ್ಟೋ ಮಕ್ಕಳು ಅಂಕ ಕಳಕೊಳ್ಳುತ್ತಾರೆ. ನೆನಪಿಡಲು ಸುಲಭ ದಾರಿ:

ಉತ್ಕರ್ಷಣ ಅಂದರೆ ಎಲೆಕ್ಟ್ರಾನ್ ಉದುರಿಸೋದು. ಅಪಕರ್ಷಣ ಅಂದರೆ ಎಲೆಕ್ಟ್ರಾನನ್ನು ಅಪ್ಪಿಕೊಳ್ಳೋದು.

ಯಾರು ಕೊಡುತ್ತಾರೆ, ಯಾರು ತಗೊಳ್ಳುತ್ತಾರೆ? ಲೋಹಗಳಿಗೆ ಒಂದು ಸಾಲು ಇದೆ. ಬೇಗ ಕೊಡುವವರಿಂದ ಹಿಡಿದು ಕೊಡಲು ಒಪ್ಪದವರವರೆಗೆ: ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ತವರ, ಸೀಸ, ತಾಮ್ರ, ಬೆಳ್ಳಿ, ಚಿನ್ನ. ಚಿನ್ನ ಯಾಕೆ ತುಕ್ಕು ಹಿಡಿಯೋದಿಲ್ಲ ಅಂತ ಈಗ ಯಾರೂ ಹೇಳಿಕೊಡಬೇಕಾಗಿಲ್ಲ. ಮಾಡಿಗೆ ಹಾಕುವ ಜಿಐ ಶೀಟಿಗೆ ಸತುವಿನ ಲೇಪ ಯಾಕೆ ಅನ್ನುವುದೂ ಈ ಸಾಲಿನಲ್ಲೇ ಇದೆ. ಸತು ಕಬ್ಬಿಣಕ್ಕಿಂತ ಮುಂದಿದೆ. ಗೀರು ಬಿದ್ದರೂ ಸತು ತಾನು ಎಲೆಕ್ಟ್ರಾನ್ ಕೊಟ್ಟು ಸವೆಯುತ್ತದೆ, ಕಬ್ಬಿಣವನ್ನು ಕಾಯುತ್ತದೆ.

3. ತಂತಿಯ ಮೂಲಕ ಕೊಟ್ಟರೆ ಕರೆಂಟು

ಕತ್ತಿಯನ್ನು ಮೈಲುತುತ್ತಿನಲ್ಲಿ ಅದ್ದಿದಾಗ ಎಲೆಕ್ಟ್ರಾನ್ ಕೈಯಿಂದ ಕೈಗೆ ಹೋಯಿತು. ಅದರ ಶಕ್ತಿ ಬಿಸಿಯಾಗಿ ವ್ಯರ್ಥವಾಯಿತು. ಕೊಡುವವರನ್ನೂ ತಗೊಳ್ಳುವವರನ್ನೂ ಬೇರೆ ಬೇರೆ ಲೋಟದಲ್ಲಿ ಕೂರಿಸಿ, ನಡುವೆ ತಂತಿ ಹಾಕಿದರೆ? ಎಲೆಕ್ಟ್ರಾನ್ ತಂತಿಯಲ್ಲೇ ಹೋಗಬೇಕು. ಅದೇ ಕರೆಂಟು. ಇಟಲಿಯ ವೋಲ್ಟಾ 1800ರಲ್ಲಿ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಇಟ್ಟು ಕರೆಂಟು ಪಡೆದರು. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಸತು ಮತ್ತು ತಾಮ್ರದ ಸೆಲ್ ಮಾಡಿದರು. ಪುಸ್ತಕದಲ್ಲಿ ಬರುವ ಡೇನಿಯಲ್ ಸೆಲ್ ಇದೇ.

ಇದನ್ನು ಮನೆಯಲ್ಲೇ ಮಾಡಬಹುದು. ಸಾಮಾನು ಹೆಚ್ಚಿನದು ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ.

- ಒಂದು ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ಲೋಟ ನೀರಿಗೆ ಒಂದು ಚಮಚ ಮೈಲುತುತ್ತು. ಅದರಲ್ಲಿ ಪ್ಲಾಸ್ಟಿಕ್ ಸುಲಿದ ದಪ್ಪ ತಾಮ್ರದ ತಂತಿ ಇಳಿಬಿಡಿ.
- ಇನ್ನೊಂದು ಲೋಟದಲ್ಲಿ ಅಷ್ಟೇ ನೀರಿಗೆ ಒಂದು ಚಮಚ ಜಿಂಕ್ ಸಲ್ಫೇಟ್. ಗದ್ದೆಗೆ ಸತುವಿನ ಕೊರತೆಗೆ ಹಾಕುತ್ತಾರಲ್ಲ, ಅದೇ. ಅದರಲ್ಲಿ ಜಿಐ ಶೀಟಿನ ಚೂರು ಇಳಿಬಿಡಿ.
- ಬತ್ತಿಯಂತೆ ಹೊಸೆದ ಹತ್ತಿಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಒಂದು ತುದಿ ಈ ಲೋಟಕ್ಕೆ, ಇನ್ನೊಂದು ತುದಿ ಆ ಲೋಟಕ್ಕೆ ಹಾಕಿ.
- ಮಲ್ಟಿಮೀಟರಿನ ಒಂದು ತಂತಿ ತಾಮ್ರಕ್ಕೆ, ಇನ್ನೊಂದು ಜಿಐ ಚೂರಿಗೆ ಮುಟ್ಟಿಸಿ.

ಸುಮಾರು 1 ವೋಲ್ಟ್ ತೋರಿಸುತ್ತದೆ. ಪುಸ್ತಕದ ಲೆಕ್ಕ 1.10 ವೋಲ್ಟ್. ತಾಮ್ರದ್ದು +0.34, ಸತುವಿನದ್ದು –0.76. ಎರಡರ ಅಂತರವೇ 1.10. ಈಗ ಬಟ್ಟೆಯನ್ನು ತೆಗೆಯಿರಿ. ಅಂಕಿ ಸೊನ್ನೆಗೆ ಇಳಿಯುತ್ತದೆ, ಇಲ್ಲವೇ ಅರ್ಥವಿಲ್ಲದೆ ಹಾರಾಡುತ್ತದೆ. ಆ ಒದ್ದೆ ಬಟ್ಟೆಯೇ ಪಾಠದಲ್ಲಿ ಬರುವ ಲವಣ ಸೇತುವೆ. ಒಂದು ಕಡೆ ಧನ ಅಯಾನು ಹೆಚ್ಚಾಗಿ, ಇನ್ನೊಂದು ಕಡೆ ಕಡಿಮೆಯಾಗಿ ಕೆಲಸ ನಿಂತುಹೋಗದಂತೆ ಅದು ಸರಿದೂಗಿಸುತ್ತದೆ. ಸೇತುವೆ ಯಾಕೆ ಬೇಕು ಅನ್ನುವ ಪರೀಕ್ಷೆಯ ಪ್ರಶ್ನೆಗೆ ಬಟ್ಟೆ ಎತ್ತಿ ನೋಡಿದವರು ಬಾಯಿಪಾಠ ಮಾಡಬೇಕಾಗಿಲ್ಲ.

ಎಚ್ಚರಿಕೆ: ಮೈಲುತುತ್ತು ವಿಷ. ಅಡುಗೆ ಪಾತ್ರೆ ಬಳಸಬೇಡಿ. ಚಿಕ್ಕ ಮಕ್ಕಳು, ದನಕರುಗಳಿಗೆ ಸಿಗದಂತೆ ನೋಡಿಕೊಳ್ಳಿ. ಉಳಿದದ್ದನ್ನು ಬಾವಿ, ತೋಡಿಗೆ ಚೆಲ್ಲಬೇಡಿ, ಮೀನುಗಳು ಸಾಯುತ್ತವೆ. ಶೀಟಿನ ಅಂಚು ಕೈ ಕೊಯ್ಯದಂತೆ ನೋಡಿಕೊಳ್ಳಿ.

ಇದು ಸಾಧ್ಯವಿಲ್ಲದಿದ್ದರೆ ಒಂದು ಲಿಂಬೆಹಣ್ಣಿಗೆ ಜಿಐ ಮೊಳೆ ಮತ್ತು ತಾಮ್ರದ ತಂತಿ ಒಂದಕ್ಕೊಂದು ತಾಗದಂತೆ ಚುಚ್ಚಿ ನೋಡಿ. ಅಲ್ಲೂ 1 ವೋಲ್ಟಿನ ಹತ್ತಿರ ಬರುತ್ತದೆ. ನಾಲ್ಕು ಹಣ್ಣನ್ನು ಸಾಲಾಗಿ ಜೋಡಿಸಿದರೆ ಕೆಂಪು ಎಲ್‌ಇಡಿ ಮಂದವಾಗಿ ಉರಿಯಬಹುದು. ಕರೆಂಟು ಹಣ್ಣಿನಿಂದ ಬಂತು ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಶಕ್ತಿ ಬಂದದ್ದು ಕರಗುವ ಸತುವಿನಿಂದ. ಹಣ್ಣಿನ ಹುಳಿ ಆ ಕ್ರಿಯೆಗೆ ಜಾಗ ಕೊಟ್ಟಿತು. ಚುಚ್ಚಿದ ಹಣ್ಣನ್ನು ಆಮೇಲೆ ತಿನ್ನಬೇಡಿ.

4. ಎಲ್ಲರೂ ಎಡವುವ ಜಾಗ

ನಮ್ಮ ಕನ್ನಡ ಪುಸ್ತಕಗಳಲ್ಲಿ ಆನೋಡ್ ಅನ್ನುವುದಕ್ಕೆ ಧನಾಗ್ರ, ಕ್ಯಾಥೋಡ್ ಅನ್ನುವುದಕ್ಕೆ ಋಣಾಗ್ರ ಅಂತ ಇರುತ್ತದೆ. ಹೊರಗಿನಿಂದ ಕರೆಂಟು ಕೊಟ್ಟು ಮಾಡುವ ವಿದ್ಯುದ್ವಿಭಜನೆಯಲ್ಲಿ ಇದು ಸರಿಯೇ. ಆದರೆ ಕರೆಂಟು ಕೊಡುವ ಸೆಲ್ಲಿನಲ್ಲಿ ಆನೋಡ್ ಋಣ! ನಮ್ಮ ಲೋಟದ ಸೆಲ್ಲಿನಲ್ಲಿ ಸತುವೇ ಆನೋಡ್, ಅದೇ ಮೈನಸ್ ತುದಿ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಹೋದ ಮಕ್ಕಳು ಇಲ್ಲಿ ಗಾಬರಿಯಾಗುತ್ತಾರೆ, ತಾವೇ ದಡ್ಡರು ಅಂದುಕೊಳ್ಳುತ್ತಾರೆ. ಅವರು ದಡ್ಡರಲ್ಲ, ಪದವೇ ದಾರಿ ತಪ್ಪಿಸುತ್ತದೆ.

ಆದ್ದರಿಂದ ಪ್ಲಸ್ಸು ಮೈನಸ್ಸಿನಿಂದ ನೆನಪಿಡಬೇಡಿ. ಕೆಲಸದಿಂದ ನೆನಪಿಡಿ. ಆನೋಡಿನಲ್ಲಿ ಯಾವಾಗಲೂ ಆಕ್ಸಿಡೇಶನ್, ಅಂದರೆ ಉತ್ಕರ್ಷಣ. ಎರಡೂ 'ಆ'. ಕ್ಯಾಥೋಡಿನಲ್ಲಿ ಯಾವಾಗಲೂ ಅಪಕರ್ಷಣ. ಈ ಮಾತು ಸೆಲ್ಲಿಗೂ ಸರಿ, ವಿದ್ಯುದ್ವಿಭಜನೆಗೂ ಸರಿ. ಇನ್ನೊಂದು: ಎಲೆಕ್ಟ್ರಾನ್ ಸತುವಿನಿಂದ ತಾಮ್ರಕ್ಕೆ ಹೋಗುತ್ತದೆ, ಆದರೆ ಚಿತ್ರದಲ್ಲಿ ಕರೆಂಟಿನ ಬಾಣ ತಾಮ್ರದಿಂದ ಸತುವಿಗೆ ಇರುತ್ತದೆ. ಅದು ಎಲೆಕ್ಟ್ರಾನ್ ಕಂಡುಹಿಡಿಯುವ ಮೊದಲೇ ಬಂದ ರೂಢಿ, ತಪ್ಪಲ್ಲ.

5. ಈಗ ಅಕ್ಕನ ಬ್ಯಾಟರಿ

ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದರು. ಒಂದು ಪ್ಲೇಟು ಸೀಸ, ಇನ್ನೊಂದು ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ಒಂದು ಮನೆಗೆ ಸುಮಾರು 2 ವೋಲ್ಟ್, ಇಂಥ ಆರು ಮನೆ ಸೇರಿ 12 ವೋಲ್ಟ್. ಕರೆಂಟು ಕೊಡುವಾಗ ಎರಡೂ ಪ್ಲೇಟು ಸೀಸದ ಸಲ್ಫೇಟ್ ಆಗುತ್ತವೆ, ಆಸಿಡ್ ಖರ್ಚಾಗಿ ನೀರು ಹುಟ್ಟುತ್ತದೆ. ಚಾರ್ಜ್ ಮಾಡಿದಾಗ ಎಲ್ಲ ಹಿಂದಕ್ಕೆ ತಿರುಗುತ್ತದೆ. ಇದರಿಂದ ತಿಳಿಯುವುದೇನು?

ಮೊದಲು, ನೀರಿನ ವಿಷಯ. ಚಾರ್ಜ್ ಆಗುವಾಗ ಸ್ವಲ್ಪ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆದು ಹೊರಗೆ ಹೋಗುತ್ತದೆ. ಆಸಿಡ್ ಹೋಗುವುದಿಲ್ಲ. ಆದ್ದರಿಂದ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಆಸಿಡ್ ಅಲ್ಲ. ಬೋರ್‌ವೆಲ್ ನೀರಿನಲ್ಲಿರುವ ಕಬ್ಬಿಣ, ಕ್ಲೋರೈಡ್ ಉಪ್ಪುಗಳು ಒಳಗೇ ಉಳಿಯುತ್ತವೆ. ಪ್ಲೇಟನ್ನು ತಿನ್ನುತ್ತವೆ, ಬ್ಯಾಟರಿ ಸುಮ್ಮನಿದ್ದಾಗಲೂ ಚಾರ್ಜ್ ಇಳಿಯುವಂತೆ ಮಾಡುತ್ತವೆ. ನೀರೆಲ್ಲ ಒಂದೇ ಅಲ್ಲ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಉಳಿದದ್ದನ್ನು ಪೂರ್ತಿ ಚಾರ್ಜ್ ಆದ ಮೇಲೆ ಗುರುತಿನವರೆಗೆ ಹಾಕಿ.

ಎರಡು, ಚಾರ್ಜ್ ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಡಬೇಡಿ. ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಮತ್ತೆ ತಿರುಗುವುದಿಲ್ಲ. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟಿನ ಆಸುಪಾಸು ಇದ್ದರೆ ತುಂಬಿದೆ ಎಂದರ್ಥ. 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಬರಿದಾಗಿದೆ.

ಮೂರು, ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4 ಆದರೂ ಸಾಕು, ಕಿಡಿ ತಾಗಿದರೆ ಸಿಡಿಯುತ್ತದೆ. ಬ್ಯಾಟರಿಯನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಹತ್ತಿರ ದೀಪ, ಊದುಬತ್ತಿ, ಬೀಡಿ ಬೇಡ. ಆಸಿಡ್ ಮೈಗೆ, ಕಣ್ಣಿಗೆ ಸಿಡಿದರೆ ಕೂಡಲೇ 15–20 ನಿಮಿಷ ಧಾರಾಳವಾಗಿ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ನಾಲ್ಕು, ಹಳೆ ಬ್ಯಾಟರಿಯನ್ನು ಮನೆ ಹಿಂದೆ ಒಡೆಯಬೇಡಿ, ಒಡೆಯುವವರಿಗೂ ಕೊಡಬೇಡಿ. ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಇಷ್ಟು ಸೀಸ ದೇಹಕ್ಕೆ ಹೋದರೆ ತೊಂದರೆಯಿಲ್ಲ ಅನ್ನುವ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ತಂದ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆ ಬ್ಯಾಟರಿಯ ಜವಾಬ್ದಾರಿ ತಯಾರಕರ ಮೇಲಿದೆ. ಮಾರಾಟಗಾರರಿಗೇ ವಾಪಸು ಕೊಡಿ.

6. ಫೋನಿನಲ್ಲಿ ಕಲಿಯುವ ಕ್ರಮ

ಇಂಟರ್ನೆಟ್ಟಿನಲ್ಲಿ ಸಾಮಗ್ರಿ ಕಡಿಮೆಯಿಲ್ಲ, ಇರುವುದೇ ಹೆಚ್ಚು. ಹತ್ತು ವಿಡಿಯೋ ಅರ್ಧರ್ಧ ನೋಡಿದವರಿಗಿಂತ ಒಂದೇ ಪುಸ್ತಕ ಪೂರ್ತಿ ಓದಿದವರು ಮುಂದೆ ಹೋಗುತ್ತಾರೆ. ಆರು ವಾರದ ಒಂದು ಕ್ರಮ ಇಲ್ಲಿದೆ. ದಿನಕ್ಕೆ ಒಂದು ಗಂಟೆ ಸಾಕು.

ಮೊದಲ ವಾರ: 10ನೇ ತರಗತಿಯ ವಿಜ್ಞಾನ ಪುಸ್ತಕದ ರಾಸಾಯನಿಕ ಕ್ರಿಯೆಗಳ ಪಾಠ, ಲೋಹ ಮತ್ತು ಅಲೋಹಗಳ ಪಾಠ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡದಲ್ಲೇ ಉಚಿತವಾಗಿ ಸಿಗುತ್ತದೆ. ಪಿಯುಸಿ ಮುಗಿಸಿದವರೂ ನಾಚಿಕೆ ಬಿಟ್ಟು ಇಲ್ಲಿಂದಲೇ ಆರಂಭಿಸಿ. ಸಮೀಕರಣ ಸರಿದೂಗಿಸಲು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನುವ ಆಟದಂಥ ಪ್ರಯೋಗಗಳಿವೆ. ಸರ್ಕ್ಯೂಟ್ ಕಟ್ಟಿ ನೋಡುವುದೂ ಅದರಲ್ಲೇ ಇದೆ.

ಎರಡನೇ ವಾರ: 11ನೇ ತರಗತಿಯ ಎನ್‌ಸಿಇಆರ್‌ಟಿ ರಸಾಯನಶಾಸ್ತ್ರದ ರೆಡಾಕ್ಸ್ ಪಾಠ. ಯಾವುದು ಉದುರಿಸಿತು, ಯಾವುದು ಅಪ್ಪಿಕೊಂಡಿತು ಅಂತ ಪ್ರತಿ ಸಮೀಕರಣದ ಕೆಳಗೆ ಬರೆಯಿರಿ.

ಮೂರನೇ ವಾರ: 12ನೇ ತರಗತಿಯ ಎಲೆಕ್ಟ್ರೋಕೆಮಿಸ್ಟ್ರಿ ಪಾಠದ ಆರಂಭ, ಡೇನಿಯಲ್ ಸೆಲ್ಲಿನವರೆಗೆ. ಜೊತೆಗೆ ಖಾನ್ ಅಕಾಡೆಮಿಯ ಚಿಕ್ಕ ವಿಡಿಯೋಗಳು. ಮನೆಯ ಲೋಟದ ಪ್ರಯೋಗ ಇದೇ ವಾರ ಮಾಡಿ.

ನಾಲ್ಕನೇ ವಾರ: ನರ್ನ್‌ಸ್ಟ್ ಸಮೀಕರಣ. ದ್ರಾವಣ ತೆಳುವಾದರೆ, ದಪ್ಪವಾದರೆ ವೋಲ್ಟ್ ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ. ಬದಲಾವಣೆ ಬಹಳ ಸಣ್ಣದು. ಡೇನಿಯಲ್ ಸೆಲ್ಲಿನಲ್ಲಿ ತಾಮ್ರದ ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿದರೂ ಸುಮಾರು 0.03 ವೋಲ್ಟ್ ಮಾತ್ರ ಇಳಿಯುತ್ತದೆ.

ಐದನೇ ವಾರ: ವಿದ್ಯುದ್ವಿಭಜನೆ ಮತ್ತು ಫ್ಯಾರಡೆ ನಿಯಮ. ಒಂದು ಲೆಕ್ಕ ನೋಡಿ: 1 ಆಂಪಿಯರ್ ಕರೆಂಟು 1 ಗಂಟೆ ಅಂದರೆ 3,600 ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನಿಗೆ ಸುಮಾರು 96,500 ಕೂಲಂಬ್. ಸತುವಿನ ಒಂದು ಪರಮಾಣು 2 ಎಲೆಕ್ಟ್ರಾನ್ ಕೊಡುತ್ತದೆ, ಒಂದು ಮೋಲ್ ಸತು 65.4 ಗ್ರಾಂ. ಹಾಗಾದರೆ 65.4 × 3,600 ÷ 1,93,000 = 1.22 ಗ್ರಾಂ. ಅಷ್ಟು ಸತು ಕರಗದೆ ಅಷ್ಟು ಕರೆಂಟು ಬರಲಾರದು. ಪುಕ್ಕಟೆ ಯಾವುದೂ ಇಲ್ಲ.

ಆರನೇ ವಾರ: ಬ್ಯಾಟರಿಗಳು, ತುಕ್ಕು. ಮನೆಯಲ್ಲಿರುವ ಟಾರ್ಚ್ ಸೆಲ್, ಫೋನ್ ಬ್ಯಾಟರಿ, ಜಿಐ ಶೀಟು ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆಯಿರಿ. ಆದರೆ ಫೋನಿನ ಲಿಥಿಯಂ ಬ್ಯಾಟರಿಯನ್ನು ಎಂದೂ ಬಿಚ್ಚಬೇಡಿ, ಚುಚ್ಚಬೇಡಿ, ಬೆಂಕಿ ಹತ್ತುತ್ತದೆ.

ಕಾಲೇಜಿನ ಲ್ಯಾಬ್ ನೋಡದವರಿಗೆ ಓಲ್ಯಾಬ್ಸ್ ಇದೆ, ಅಮೃತ ವಿಶ್ವವಿದ್ಯಾಪೀಠ ಮತ್ತು ಸಿಡ್ಯಾಕ್ ಮಾಡಿದ್ದು. ಡಿಗ್ರಿ ಮಟ್ಟಕ್ಕೆ ಹೋಗುವವರಿಗೆ ಐಐಟಿ, ಐಐಎಸ್‌ಸಿ ಅಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳಿವೆ.

7. ಓದುವಾಗ ಪಾಲಿಸಬೇಕಾದ ನಾಲ್ಕು ಮಾತು

1. ವಿಡಿಯೋ ನೋಡುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ, ನೋಡದೆ ಬರೆಯಿರಿ. ಬರೆಯಲು ಬಾರದಿದ್ದರೆ ತಿಳಿದಿಲ್ಲ ಎಂದರ್ಥ, ಮತ್ತೆ ನೋಡಿ.
2. ಪುಸ್ತಕದ ಕೊನೆಗೆ ಒಂದು ಪದಪಟ್ಟಿ ಮಾಡಿ. ಕನ್ನಡ ಪದ, ಇಂಗ್ಲಿಷ್ ಪದ, ನಿಮ್ಮದೇ ಮಾತಿನಲ್ಲಿ ಅರ್ಥ. ಭಾಷೆಯ ಭಯ ಅರ್ಧ ಹೋಗುತ್ತದೆ.
3. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಆ್ಯಪ್‌ಗಳು ಈಗ ಬಂದಿವೆ. ಉಪಯೋಗಿಸಿ, ಆದರೆ ಪ್ಲಸ್ಸು ಮೈನಸ್ಸಿನಲ್ಲಿ ಅವೂ ತಪ್ಪುತ್ತವೆ. ಪುಸ್ತಕದೊಂದಿಗೆ ಹೋಲಿಸಿ ನೋಡದೆ ನಂಬಬೇಡಿ.
4. ನೀರಿನಿಂದ ಓಡುವ ಬೈಕು, ಸತ್ತ ಬ್ಯಾಟರಿಗೆ ಹೊಸ ಆಸಿಡ್ ಹಾಕಿ ಬದುಕಿಸೋದು, ಇಂಥ ವಿಡಿಯೋಗಳಿಗೆ ಮರುಳಾಗಬೇಡಿ. ಹೊಸ ಆಸಿಡ್ ಹಾಕಿದರೆ ಹೈಡ್ರೋಮೀಟರ್ ಮೇಲೇರುತ್ತದೆ ನಿಜ, ಆದರೆ ಪ್ಲೇಟಿನಲ್ಲಿ ಗಟ್ಟಿಯಾದ ಸಲ್ಫೇಟ್ ಹಾಗೇ ಇರುತ್ತದೆ. ಮನೆಯಲ್ಲಿ ಆಸಿಡ್ ಸುರಿಯುವುದರಿಂದ ಕಣ್ಣು ಹೋಗುವ ಅಪಾಯ ಬೇರೆ.

8. ಕೊನೆಯ ಮಾತು

ಈ ವಿದ್ಯೆಗೇ ಮೀಸಲಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದು ಪಕ್ಕದ ತಮಿಳುನಾಡಿನ ಕಾರೈಕುಡಿಯಲ್ಲಿದೆ. 1948ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಫೋನಿನಲ್ಲಿರುವ ಲಿಥಿಯಂ ಬ್ಯಾಟರಿಗೆ ದಾರಿ ಮಾಡಿಕೊಟ್ಟ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಸೋಲಾರ್, ವಿದ್ಯುತ್ ವಾಹನ, ಲೋಹಗಳಿಗೆ ಲೇಪ ಹಾಕುವ ಕೆಲಸ, ಎಲ್ಲದರ ಹಿಂದೆಯೂ ಇದೇ ಪಾಠ ಇದೆ. ನಮ್ಮ ಹಳ್ಳಿಯ ಮಕ್ಕಳಿಗೆ ಇದು ದೂರದ ವಿಷಯ ಆಗಬೇಕಾಗಿಲ್ಲ.

ಆ ಅಕ್ಕನ ಮಗ ಈಗ ಮತ್ತೆ ಪರೀಕ್ಷೆಗೆ ಓದುತ್ತಿದ್ದಾನೆ. ಫಲಿತಾಂಶ ಏನಾಗುತ್ತದೋ ನೋಡಬೇಕು. ಆದರೆ ಮನೆಗೆ ಬಂದ ಹೊಸ ಬ್ಯಾಟರಿಗೆ ನೀರು ಹಾಕುವ ಜವಾಬ್ದಾರಿ ಈಗ ಅವನದೇ. ತಿಂಗಳಿಗೊಮ್ಮೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ವೋಲ್ಟ್ ಬರೆದಿಡುತ್ತಾನೆ. ಮೊನ್ನೆ ಸಭೆಯಲ್ಲಿ ಒಬ್ಬರು ಡಿಸ್ಟಿಲ್ಡ್ ವಾಟರಿಗೆ ಯಾಕೆ ದುಡ್ಡು ಹಾಕಬೇಕು ಅಂತ ಕೇಳಿದಾಗ ಉತ್ತರ ಹೇಳಿದ್ದು ಅವನ ತಾಯಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯ ಬ್ಯಾಟರಿಗೆ ಯಾವ ನೀರು ಹಾಕುತ್ತಿದ್ದೇವೆ? ಅದು ಎಲ್ಲಿದೆ, ಗಾಳಿ ಆಡುತ್ತದೆಯೇ?
2. ಹಳೆ ಬ್ಯಾಟರಿಗಳನ್ನು ಯಾರಿಗೆ ಕೊಡುತ್ತಿದ್ದೇವೆ?
3. ವಿಜ್ಞಾನದಲ್ಲಿ ಹಿಂದೆ ಬಿದ್ದ ನಮ್ಮ ಊರಿನ ಮಕ್ಕಳಿಗೆ ವಾರಕ್ಕೊಮ್ಮೆ ಒಟ್ಟಿಗೆ ಕೂತು ಓದಲು ಒಂದು ಜಾಗ, ಸಂಘದ ಹೆಸರಿನಲ್ಲಿ ಒಂದು ಮಲ್ಟಿಮೀಟರ್ ಒದಗಿಸಬಹುದೇ?